ಹುಲಿ ಕಾಣಲಿಲ್ಲ, ಬೇಜಾರೂ ಆಗಲಿಲ್ಲ

ನಾನು ಮಾಡಿದ ಮೊದಲ ತಪ್ಪು, ಹೊರಡುವ ಹಿಂದಿನ ರಾತ್ರಿ ಮಕ್ಕಳಿಗೆ "ನಾಳೆ ಹುಲಿ ನೋಡೋಣ" ಅಂದಿದ್ದು. ಕಾರವಾರ ಬಿಟ್ಟು ಕದ್ರಾ ದಾಟುವಷ್ಟರಲ್ಲಿ ಚಿಕ್ಕವಳು ನಾಲ್ಕು ಸಲ ಕೇಳಿದಳು, "ಆಯಿ, ಹುಲಿ ಎಲ್ಲಿ?" ಅಣಶಿ ಘಟ್ಟದ ತಿರುವಿನಲ್ಲಿ ಒಂದು ಸಲ ವಾಂತಿ ಆದಮೇಲೆ ಹುಲಿ ವಿಷಯ ಸ್ವಲ್ಪ ತಣ್ಣಗಾಯಿತು.

ಮಳೆಗಾಲ ಆಗಷ್ಟೇ ಮುಗಿದಿತ್ತು. ದೊಡ್ಡವನು "ಕಾಳಿ ಹುಲಿ ಸಂರಕ್ಷಿತ ಪ್ರದೇಶ" ಅನ್ನುವ ಬೋರ್ಡ್ ಓದಿ, "ಕಾಳಿ ಅಂದ್ರೆ ನಮ್ಮ ಕೋಡಿಬಾಗದ ನದಿ ಅಲ್ವಾ? ಇಲ್ಲಿಗ್ಯಾಕೆ ಆ ಹೆಸರು?" ಅಂದ. ಅಣಶಿ ರಾಷ್ಟ್ರೀಯ ಉದ್ಯಾನ ಆಗಿದ್ದು 1987ರಲ್ಲಿ. 2007ರಲ್ಲಿ ದಾಂಡೇಲಿ ಅಭಯಾರಣ್ಯದ ಜೊತೆ ಸೇರಿ ಹುಲಿ ಸಂರಕ್ಷಿತ ಪ್ರದೇಶ ಆಯಿತು, 2015ರಲ್ಲಿ ನದಿಯ ಹೆಸರನ್ನೇ ಇಟ್ಟರು. ನದಿ ಹುಟ್ಟುವುದೂ ಇದೇ ಜೋಯಿಡಾ ತಾಲ್ಲೂಕಿನ ಡಿಗ್ಗಿ ಹತ್ತಿರ. ಇಷ್ಟು ಹೇಳಿದ್ದೇ ಅವನಿಗೆ ಕಾಡು ನೆಂಟರ ಮನೆ ಥರ ಆಗಿಬಿಟ್ಟಿತು.

ಜೊತೆಗೆ ಬಂದಿದ್ದ ವಾಚರ್ ಅಣ್ಣ ಮಕ್ಕಳಿಗೆ ಒಂದು ಆಟ ಹೇಳಿಕೊಟ್ಟ. ಕಣ್ಣು ಮುಚ್ಚಿ ಕೂರಬೇಕು, ಹೊಸ ಸದ್ದು ಕೇಳಿದ ಕೂಡಲೇ ಒಂದು ಬೆರಳು ಮಡಚಬೇಕು, ಮಾತಾಡಿದವರು ಔಟ್. ನಮ್ಮ ಮನೆಯಲ್ಲಿ ಎರಡು ನಿಮಿಷ ಸುಮ್ಮನಿರದವರು ಅಲ್ಲಿ ಹತ್ತು ನಿಮಿಷ ಕೂತರು. ಏಳನೇ ಬೆರಳಿಗೆ ಚಿಕ್ಕವಳು ಕಣ್ಣು ಬಿಟ್ಟು, "ಆಯಿ, ರೈಲು ಬಂತು!" ಅಂತ ಕೂಗಿದಳು. ಔಟ್ ಆದಳು, ಆದರೆ ಅವಳು ಹೇಳಿದ್ದು ಪೂರ್ತಿ ತಪ್ಪಲ್ಲ. ತಲೆ ಮೇಲೆ ಒಂದು ದೊಡ್ಡ ಮಂಗಟ್ಟೆ ಹಕ್ಕಿ ಹಾರಿಹೋಗುತ್ತಿತ್ತು, ರೆಕ್ಕೆಯ ಗರಿಗಳ ಸಂದಿಯಲ್ಲಿ ಗಾಳಿ ನುಗ್ಗಿ ಹಳೇ ಉಗಿಬಂಡಿ ಥರ ಹುಸ್, ಹುಸ್ ಅಂತ ಸದ್ದು. ಹಳದಿ ಕೊಕ್ಕು, ಅದರ ಮೇಲೊಂದು ಟೊಪ್ಪಿ. ಮರಿ ಮಾಡುವ ಕಾಲದಲ್ಲಿ ಹೆಣ್ಣು ಮರದ ಪೊಟರೆ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡುಬಿಡುತ್ತದೆ, ಒಂದು ಸಣ್ಣ ಸೀಳು ಮಾತ್ರ ಬಿಟ್ಟು. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡುತ್ತದೆ. ಇದನ್ನು ಕೇಳಿ ಅತ್ತೆ ನನ್ನ ಗಂಡನ ಮುಖ ನೋಡಿ ನಕ್ಕರು. ನಾನೂ ನೋಡಿದೆ.

ಪಕ್ಕದಲ್ಲೇ ಒಂದು ಗುಂಪು ಸ್ಪೀಕರ್ ಹಚ್ಚಿಕೊಂಡು ಬಂತು, ಅಲ್ಲಿಗೆ ನಮ್ಮ ಆಟ ಮುಗಿಯಿತು. ಕಾಡಿಗೆ ಬಂದು ಹಾಡು ಕೇಳುವುದಾದರೆ ಬೀಚ್ ಸಾಲದಾ?

ಉಂಬಳದ, ಅಂದರೆ ಕಾಡಿನ ಜಿಗಣೆಯ ವಿಷಯ ಹೇಳಲೇಬೇಕು. ದೊಡ್ಡವನ ಕಾಲಿಗೆ ಎರಡು ಹತ್ತಿದ್ದವು. ಅವನು ಅಳುವುದೋ ಹೆಮ್ಮೆಪಡುವುದೋ ಗೊತ್ತಾಗದೆ ನಿಂತಿದ್ದ. ಅತ್ತೆ ಎಲೆಅಡಿಕೆಯ ಸಂಚಿ ಬಿಚ್ಚಿ ಒಂಚೂರು ಸುಣ್ಣ ಮುಟ್ಟಿಸಿದರು, ಎರಡೂ ಉದುರಿದವು. ರಕ್ತ ಮಾತ್ರ ತುಂಬಾ ಹೊತ್ತು ನಿಲ್ಲಲಿಲ್ಲ. ಉದ್ದ ಸಾಕ್ಸ್ ಹಾಕಿಸಿ, ಪ್ಯಾಂಟನ್ನು ಅದರೊಳಗೆ ಸೇರಿಸಿ. ಚಂದ ಕಾಣುವುದಿಲ್ಲ, ಪರವಾಗಿಲ್ಲ.

ಮಧ್ಯಾಹ್ನ ಅವನ ಜೇಬಿನಲ್ಲಿ ಒಂದು ಗರಿ, ಮೂರು ಬೀಜ ಸಿಕ್ಕಿದವು. ಉದ್ಯಾನದಿಂದ ಏನೂ ತರುವ ಹಾಗಿಲ್ಲ, ವಾಪಸ್ ಇಡಿಸಿದೆ. ಮುಖ ಊದಿಸಿಕೊಂಡ. ನೋಟ್‌ಬುಕ್ಕು, ಪೆನ್ಸಿಲ್ ಕೊಟ್ಟು ಗರಿಯ ಚಿತ್ರ ಬರೆ ಅಂದೆ. ಬರೆದ, ಜೊತೆಗೆ ಕಾಡುಕೋಣದ ಸಗಣಿ ಚಿತ್ರವನ್ನೂ ಬರೆದ, ಹುಳಗಳ ಸಮೇತ.

ಮರುದಿನ ದಾಂಡೇಲಿ ಹತ್ತಿರದ ಕುಳಗಿಗೆ ಹೋಗಿ ಜೀಪ್ ಸಫಾರಿಯನ್ನೂ ಮಾಡಿದೆವು. ಜಿಂಕೆ ಕಂಡವು. ಚಿಕ್ಕವಳು ಅರ್ಧ ದಾರಿ ನಿದ್ದೆ. ಸಣ್ಣ ಮಕ್ಕಳಿದ್ದರೆ ನಾನಂತೂ ಅದಕ್ಕಿಂತ ನಡೆಯುವುದೇ ವಾಸಿ ಅನ್ನುತ್ತೇನೆ.

ಅವಳಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಅಣಶಿಯ ಒಂದು ಸಣ್ಣ ಹಳ್ಳ. ಈ ನೀರು ಕಾಳಿ ಸೇರಿ ನಮ್ಮೂರಿಗೆ ಬರುತ್ತದೆ ಅಂದಿದ್ದಕ್ಕೆ, ಬಿದ್ದ ಎಲೆಯೊಂದನ್ನು ತೇಲಿಬಿಟ್ಟು "ಮನೆ ಹತ್ತಿರ ಸಿಗು" ಅಂದಳು. ಈಗ ಕಾಳಿ ಮೇಲಿನ ಸದಾಶಿವಗಡದ ಸೇತುವೆ ದಾಟುವಾಗೆಲ್ಲ ಕಾರಿನ ಕಿಟಕಿಗೆ ಮೂಗು ಒತ್ತಿ ಕೆಳಗೆ ನೋಡುತ್ತಾಳೆ.

"ಬರಲ್ವೇ ಅದು," ಅಂತಾನೆ ಅಣ್ಣ, "ಕದ್ರಾ ಡ್ಯಾಮಲ್ಲಿ ಸಿಕ್ಕಿಹಾಕಿಕೊಂಡಿದೆ."

"ಗೇಟ್ ತೆಗೆದಾಗ ಬರುತ್ತೆ," ಅಂತಾಳೆ ಇವಳು.