ದರ ಬದಲಾಯಿತು, ಹಳೆಯ ಬಿಲ್ ಬದಲಾಗಬಾರದಿತ್ತು

2017ರಲ್ಲಿ ನಾನು ಸಗಟು ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿದ್ದೆ. ಜುಲೈ 1ರಂದು ಜಿಎಸ್‌ಟಿ ಬಂದಾಗ ಸರಕಿನ ಪಟ್ಟಿಗೆ ತೆರಿಗೆಯ ಅಂಕಣವೊಂದನ್ನು ಸೇರಿಸಿದೆವು. ಶಾಂಪೂವಿನ ಎದುರು 28 ಎಂದು ಬರೆದವನು ನಾನೇ.

ನವೆಂಬರ್ 10ರಂದು ಗುವಾಹಟಿಯಲ್ಲಿ ಸೇರಿದ ಜಿಎಸ್‌ಟಿ ಮಂಡಳಿ 178 ಬಗೆಯ ಸರಕುಗಳ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಿತು. 15ರಿಂದಲೇ ಜಾರಿ. 14ರ ರಾತ್ರಿ ಕುಳಿತು 28ನ್ನು ಅಳಿಸಿ 18 ಬರೆದು ಮುಗಿಸಿದೆವು. ಬೆಳಿಗ್ಗೆ ಬಿಲ್‌ಗಳು ಸರಿಯಾಗಿಯೇ ಬಂದವು.

ವಾರ ಕಳೆದ ಮೇಲೆ ದಾವಣಗೆರೆಯ ವಿತರಕರೊಬ್ಬರು ಕರೆ ಮಾಡಿದರು. ಅಕ್ಟೋಬರಿನಲ್ಲಿ ಹತ್ತು ಸಾವಿರ ರೂಪಾಯಿಯ ಶಾಂಪೂ ಕೊಂಡಿದ್ದ ಅಂಗಡಿಯವರು ಅದನ್ನು ವಾಪಸ್ ಮಾಡಿದ್ದರು. ಆಗ ಕಟ್ಟಿದ್ದ ತೆರಿಗೆ 2,800 ರೂಪಾಯಿ. ನಮ್ಮ ಕ್ರೆಡಿಟ್ ನೋಟ್, ಅಂದರೆ ವಾಪಸಾದ ಸರಕಿಗೆ ಮರಳಿಸಬೇಕಾದ ಹಣದ ಚೀಟಿ, ತೋರಿಸಿದ್ದು 1,800. "ಸಾವಿರ ರೂಪಾಯಿ ಎಲ್ಲಿ ಹೋಯಿತು ಎಂದು ಅವರು ಕೇಳುತ್ತಿದ್ದಾರೆ, ನಾನು ಏನು ಹೇಳಲಿ ಸರ್?" ಎಂದರು. ವರ್ಷಗಟ್ಟಲೆ ವ್ಯವಹಾರವಿದ್ದ ಇಬ್ಬರ ನಡುವೆ ನಾವು ಅನುಮಾನ ತಂದಿಟ್ಟಿದ್ದೆವು. ಅದು ನನ್ನನ್ನು ಬಹಳ ದಿನ ಕಾಡಿತು.

ದರ ಸರಕಿನ ಗುಣವಲ್ಲ. ಅದು ಸರಕಿಗೂ ದಿನಾಂಕಕ್ಕೂ ಇರುವ ಸಂಬಂಧ. ಹಾಗಾಗಿ ದರಕ್ಕೇ ಬೇರೆ ಕೋಷ್ಟಕ ಮಾಡಿ, ಪ್ರತಿ ಸಾಲಿಗೂ 'ಎಂದಿನಿಂದ, ಎಂದಿನವರೆಗೆ' ಎಂಬ ಎರಡು ಅಂಕಣ ಕೊಟ್ಟೆವು. ಹಳೆಯ ಸಾಲನ್ನು ಅಳಿಸುವ ಅವಕಾಶವನ್ನೇ ತೆಗೆದುಹಾಕಿದೆವು. ಸರಕು ವಾಪಸ್ ಬಂದರೆ ಲೆಕ್ಕ ಮೂಲ ಬಿಲ್ಲಿನ ದಿನಾಂಕದ ಮೇಲೆ.

ಆಗ ತಂಡದ ಕಿರಿಯ ಸಹೋದ್ಯೋಗಿಯೊಬ್ಬರು ಕೇಳಿದ ಪ್ರಶ್ನೆಗೆ ನಾನು ಇಂದಿಗೂ ಋಣಿ. ಸಿದ್ಧ ಉಡುಪಿಗೆ ಒಂದು ಸಾವಿರ ರೂಪಾಯಿವರೆಗೆ ಶೇ 5, ಮೇಲಾದರೆ 12 ಇತ್ತಲ್ಲ, "ದರ ಬದಲಾಗಬಹುದಾದರೆ ಈ ಸಾವಿರವೂ ಬದಲಾಗಬಹುದಲ್ಲವೇ?" ಎಂದರು. ಆ ಸಂಖ್ಯೆ ಕೋಡಿನೊಳಗೆ ಏಳು ಕಡೆ ಹೂತುಹೋಗಿತ್ತು. ಹುಡುಕಿ ತೆಗೆದು ಅದನ್ನೂ ಕೋಷ್ಟಕಕ್ಕೆ ಹಾಕಿದೆವು. ಅಂದಿನಿಂದ ಯಾರು ಯಾವ ಬದಲಾವಣೆ ತಂದರೂ ನಾನು ಮೊದಲು ಕೇಳುವುದು: ಎಂದಿನಿಂದ? ಯಾವುದಕ್ಕೆ ಅನ್ವಯಿಸುವುದಿಲ್ಲ?

2025ರ ಸೆಪ್ಟೆಂಬರ್ 22ರಂದು ಶಾಂಪೂ ಶೇ 5ಕ್ಕೆ ಇಳಿಯಿತು. ಉಡುಪಿನ ಮಿತಿ 2,500 ರೂಪಾಯಿಗೆ ಏರಿತು, ಅದರ ಮೇಲಿನದಕ್ಕೆ 18 ಆಯಿತು. ಸಿಗರೇಟಿನಂಥ ತಂಬಾಕು ಸರಕುಗಳಿಗೆ ಮಾತ್ರ ಆ ದಿನಾಂಕ ಅನ್ವಯಿಸಲಿಲ್ಲ. ಕೋಡಿನ ಒಂದು ಸಾಲನ್ನೂ ಮುಟ್ಟದೆ ಹೊಸ ಸಾಲುಗಳನ್ನು ಕೋಷ್ಟಕಕ್ಕೆ ತುಂಬಿದೆವು. 23ರಂದು ಹಿಂದಿನ ವಾರದ ಶಾಂಪೂ ಪೆಟ್ಟಿಗೆಯೊಂದು ವಾಪಸ್ ಬಂತು. ಕ್ರೆಡಿಟ್ ನೋಟ್ ತೆರೆದು ನೋಡಿದೆ: ಶೇ 18.