ಚರ್ಚಿನಲ್ಲಿ ಸೇವೆ ಮಾಡಬೇಕು, ಎಲ್ಲಿಂದ ಶುರು ಮಾಡಲಿ? ಮಂಗಳವಾರದಿಂದ

ಫೋನಿನಲ್ಲಿ, ಭಾನುವಾರ ಪೂಜೆ ಬಿಟ್ಟ ಮೇಲೆ ಗೇಟಿನ ಹತ್ತಿರ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲಿ ಸಿಕ್ಕರೂ ಜನ ಕೇಳುವುದು ಒಂದೇ: "ನಮ್ಮ ಏರಿಯಾ ಚರ್ಚಿನಲ್ಲಿ ಏನಾದರೂ ಸೇವೆ ಮಾಡಬೇಕು ಅಂತಿದೆ. ಯಾರನ್ನ ಕೇಳೋದು? ಏನು ಮಾಡೋದು?" ಕ್ರೈಸ್ತರಲ್ಲದವರು ಇನ್ನೊಂದು ಪ್ರಶ್ನೆ ಸೇರಿಸುತ್ತಾರೆ: "ನಾವೂ ಬರಬಹುದಾ?"

ಖಂಡಿತ ಬರಬಹುದು. ಬೈಬಲ್ ವಾಚನ, ಗಾಯನವೃಂದ, ಪೂಜೆಯಲ್ಲಿ ಫಾದರಿಗೆ ನೆರವಾಗುವ ಪೀಠದ ಸೇವೆ ಇವೆಲ್ಲ ಚರ್ಚಿನ ಸದಸ್ಯರ ಕೆಲಸ. ಅಡುಗೆ, ಆಸ್ಪತ್ರೆ, ಮಕ್ಕಳ ಪಾಠ, ರಕ್ತದಾನ ಶಿಬಿರ, ಅರ್ಜಿ ತುಂಬುವುದು, ಇವಕ್ಕೆ ಕೈ ಇದ್ದರೆ ಸಾಕು, ಧರ್ಮ ಯಾರೂ ಕೇಳುವುದಿಲ್ಲ.

ಮೊದಲ ಪ್ರಶ್ನೆಗೆ ನನ್ನ ಉತ್ತರ ಹಲವರಿಗೆ ಹಿಡಿಸುವುದಿಲ್ಲ: ಭಾನುವಾರ ಬರಬೇಡಿ, ಮಂಗಳವಾರ ಬನ್ನಿ. ಭಾನುವಾರ ಕೈಗಳಿಗೆ ಬರವಿಲ್ಲ. ಬೆಂಗಳೂರು ಶಿವಾಜಿನಗರದ ಸಂತ ಮೇರಿ ಬಸಿಲಿಕಾದಲ್ಲಿ ಆಗಸ್ಟ್ 29ಕ್ಕೆ ಧ್ವಜ ಏರಿ ಸೆಪ್ಟೆಂಬರ್ 8ಕ್ಕೆ ಹಬ್ಬ ಆಗುವವರೆಗೆ ನೀರು ಕೊಡಲು, ಸಾಲು ನಿಲ್ಲಿಸಲು ಸ್ವಯಂಸೇವಕರು ಮುಂದೆ ಬರುತ್ತಾರೆ. ವಿವೇಕನಗರದ ಬಾಲಯೇಸು ದೇವಾಲಯದ ಗುರುವಾರವೂ ಹಾಗೆಯೇ. ಆ ಕೆಲಸ ಬೇಡವೆಂದಲ್ಲ. ಆದರೆ ವಾರದ ದಿನ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಒಂಟಿ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಯಾರೂ ಇರುವುದಿಲ್ಲ. ಕೊರತೆ ಇರುವುದು ಅಲ್ಲಿ.

ಕೇಳಬೇಕಾದ್ದು ಚರ್ಚ್ ಆಫೀಸಿನಲ್ಲಿ, ವಾರದ ದಿನ. ಪೂಜೆ ಮುಗಿದ ಕೂಡಲೇ ಫಾದರ್ ಸುತ್ತ ಇಪ್ಪತ್ತು ಜನ ಇರುತ್ತಾರೆ, ನಿಮ್ಮ ಮಾತು ಅವರ ಕಿವಿಯಲ್ಲಿ ಉಳಿಯುವುದಿಲ್ಲ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಾದರೆ ಪಾಸ್ಟರ್ ಅಥವಾ ಆಡಳಿತ ನೋಡುವ ಪಾಸ್ಟೊರೇಟ್ ಕಮಿಟಿಯ ಕಾರ್ಯದರ್ಶಿಯನ್ನು ಕೇಳಿ. ಕ್ಯಾಥೊಲಿಕ್ ಚರ್ಚಾದರೆ "ಇಲ್ಲಿ ವಿನ್ಸೆಂಟ್ ಡಿ ಪೌಲ್ ಸಭೆ ಇದೆಯಾ, ಯಾವ ದಿನ ಸೇರುತ್ತೆ?" ಎಂದು ಕೇಳಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಓಝಾನಮ್ ಎಂಬ 20 ವರ್ಷದ ವಿದ್ಯಾರ್ಥಿ ಗೆಳೆಯರೊಂದಿಗೆ ಕಟ್ಟಿದ ಸಭೆ ಇದು. ಪದ್ಧತಿ ಇಂದಿಗೂ ಅದೇ: ವಾರಕ್ಕೊಮ್ಮೆ ಸೇರುವುದು, ಗುಟ್ಟಾಗಿ ಸುತ್ತುವ ಚೀಲಕ್ಕೆ ಕೈಲಾದಷ್ಟು ಹಾಕುವುದು, ಬಡವರ ಮನೆಗೆ ಇಬ್ಬಿಬ್ಬರಾಗಿ ಹೋಗುವುದು. ಒಬ್ಬರೇ ಹೋಗಬೇಡಿ ಎನ್ನುವುದು ಸುಮ್ಮನೆ ಅಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರ ಕಣ್ಣಿಗೆ ಖಾಲಿ ಅಕ್ಕಿ ಡಬ್ಬ ಬೀಳುತ್ತದೆ. ಮುಂದೆ ಹಣದ ವಿಷಯದಲ್ಲಿ ಮಾತು ಬಂದರೆ ಸಾಕ್ಷಿಯೂ ಇರುತ್ತದೆ.

ಮನೆ ಭೇಟಿಯಲ್ಲಿ ಮೊದಲು ನೋಡಬೇಕಾದ್ದು ಮಾತ್ರೆ ಡಬ್ಬಿ. "ಅಜ್ಜಿ, ಮಾತ್ರೆ ತೋರಿಸ್ತೀರಾ?" ಎಂದರೆ ಒಂದು ಪ್ಲಾಸ್ಟಿಕ್ ಕವರ್ ಬರುತ್ತದೆ, ಅದರಲ್ಲಿ ಕತ್ತರಿಸಿದ ಪಟ್ಟಿಗಳು. ಅಂಗಡಿಯವರು ಐದೈದು ಮಾತ್ರೆ ಕತ್ತರಿಸಿ ಕೊಟ್ಟಾಗ ಹೆಸರು ಒಂದು ತುಂಡಿಗೆ, ಎಕ್ಸ್‌ಪೈರಿ ದಿನಾಂಕ ಇನ್ನೊಂದಕ್ಕೆ ಹೋಗಿರುತ್ತದೆ. ಬಡಾವಣೆಯ ಕ್ಲಿನಿಕ್ ಒಂದು ಬ್ರಾಂಡ್ ಬರೆದಿರುತ್ತದೆ, ಸರ್ಕಾರಿ ಆಸ್ಪತ್ರೆ ಇನ್ನೊಂದು. ಎರಡರೊಳಗೂ ಇರುವುದು ಸಕ್ಕರೆ ಕಾಯಿಲೆಗೆ ಕೊಡುವ ಅದೇ ಮೆಟ್‌ಫಾರ್ಮಿನ್, ಅಜ್ಜಿ ಎರಡನ್ನೂ ನುಂಗುತ್ತಿರುತ್ತಾರೆ. ನೀವಾಗಿ "ಇದನ್ನ ಬಿಡಿ" ಎನ್ನಬೇಡಿ. ಅಷ್ಟೂ ಪಟ್ಟಿಗಳನ್ನು ಕವರ್ ಸಮೇತ ಡಾಕ್ಟರ ಮೇಜಿನ ಮೇಲೆ ಇಡಿ.

ಆಸ್ಪತ್ರೆಗೆ ಕರೆದೊಯ್ಯುವ ದಿನ ಚೀಲದಲ್ಲಿ ಇರಬೇಕಾದ್ದು: ಆಧಾರ್, ರೇಷನ್ ಕಾರ್ಡ್, ಎರಡರ ಜೆರಾಕ್ಸ್, ಹಳೇ ಚೀಟಿಗಳು ದಿನಾಂಕದ ಕ್ರಮದಲ್ಲಿ, ನೀರು, ಇಡ್ಲಿ ಡಬ್ಬಿ, ಸಕ್ಕರೆ ಪೊಟ್ಟಣ. ಸಕ್ಕರೆ ಕಾಯಿಲೆಯವರು ರಕ್ತ ಪರೀಕ್ಷೆಗೆಂದು ಬರಿ ಹೊಟ್ಟೆಯಲ್ಲಿ ಬರುತ್ತಾರೆ, ಅಭ್ಯಾಸಬಲದಿಂದ ಬೆಳಗಿನ ಮಾತ್ರೆ ಮಾತ್ರ ನುಂಗಿರುತ್ತಾರೆ. ಸಾಲಿನಲ್ಲಿ ಎರಡು ಗಂಟೆ ನಿಂತಾಗ ಬೆವರು, ಕೈ ನಡುಕ, ತೊದಲು ಮಾತು ಶುರುವಾಗುತ್ತದೆ. ಆಗ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, ಆಮೇಲೆ ಇಡ್ಲಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ನರ್ಸನ್ನು ಕೂಗಿ. ಪರೀಕ್ಷೆಯ ದಿನ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು ಎಂದು ಹಿಂದಿನ ಭೇಟಿಯಲ್ಲೇ ಡಾಕ್ಟರನ್ನು ಕೇಳಿ ಚೀಟಿಯ ಮೇಲೆ ಕನ್ನಡದಲ್ಲಿ ಬರೆದಿಟ್ಟರೆ ಈ ಪಾಡೇ ಇಲ್ಲ.

ದೊಡ್ಡ ಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಬಹಳ ಜನ ಮುಗ್ಗರಿಸುವುದು ರೆಫರಲ್ ಚೀಟಿಯಲ್ಲಿ. ತುರ್ತು ಅಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬರೆಸಿಕೊಳ್ಳದೆ ಖಾಸಗಿ ಆಸ್ಪತ್ರೆಗೆ ಸೇರಿದರೆ ಬಿಲ್ಲು ಮನೆಯವರ ತಲೆ ಮೇಲೆ. ಪಿಂಚಣಿ ಅಥವಾ ಗೃಹಲಕ್ಷ್ಮಿ ಹಣ ನಿಂತಿದ್ದರೆ ಆಫೀಸು ಅಲೆಯುವ ಮೊದಲು ಎರಡು ನೋಡಿ: ಆಧಾರ್ ಮತ್ತು ರೇಷನ್ ಕಾರ್ಡಿನ ಹೆಸರು ಅಕ್ಷರಶಃ ಒಂದೇ ಇದೆಯಾ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ. "ಮರಿಯಮ್ಮ" ಒಂದರಲ್ಲಿ, "ಮೇರಿ" ಇನ್ನೊಂದರಲ್ಲಿ ಇರುವುದು ನಮ್ಮ ಜನರಲ್ಲಿ ತೀರಾ ಮಾಮೂಲು. ಇದೊಂದನ್ನು ಸರಿಮಾಡಿಸಿಕೊಟ್ಟರೆ ಹತ್ತು ಸಲ ಅಕ್ಕಿ ಚೀಲ ಕೊಟ್ಟದ್ದಕ್ಕಿಂತ ಹೆಚ್ಚು ಎಂದು ನಾನು ನಂಬುತ್ತೇನೆ.

ಇನ್ನು ಅನ್ನದಾನ. ಕಿದ್ವಾಯಿ, ನಿಮ್ಹಾನ್ಸ್ ಆಸುಪಾಸಿನಲ್ಲಿ ರೋಗಿಗಳ ಜೊತೆ ಬಂದವರು, ರಾಯಚೂರು, ಕಲಬುರಗಿ ಕಡೆಯವರು, ದಿನಗಟ್ಟಲೆ ಹೊರಗೇ ಇರುತ್ತಾರೆ. ಹಬ್ಬದ ದಿನ ನಾಲ್ಕು ಗುಂಪು ಒಟ್ಟಿಗೆ ಊಟ ತಂದು ಅರ್ಧ ಚೆಲ್ಲುತ್ತದೆ, ಮಾಮೂಲಿ ಬುಧವಾರ ಒಬ್ಬರೂ ಇಲ್ಲ. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕಂಡು ಯಾವ ದಿನ ಖಾಲಿ ಎಂದು ಕೇಳಿ, ಅದನ್ನೇ ನಿಮ್ಮ ದಿನ ಮಾಡಿಕೊಳ್ಳಿ.

100 ಜನಕ್ಕೆ ಅನ್ನ ಸಾಂಬಾರಿಗೆ 11ರಿಂದ 12 ಕೆಜಿ ಅಕ್ಕಿ, 3 ಕೆಜಿ ತೊಗರಿಬೇಳೆ, 6 ಕೆಜಿ ತರಕಾರಿ. ಹನ್ನೆರಡು ಕೆಜಿಯನ್ನೂ ಒಂದೇ ಡಬರಿಗೆ ಸುರಿದರೆ ತಳ ಸೀಯುತ್ತದೆ, ಮೇಲೆ ಅಕ್ಕಿಯಾಗಿಯೇ ಉಳಿಯುತ್ತದೆ. ಆರಾರು ಕೆಜಿ ಎರಡು ಸಲ ಮಾಡಿ. ಬಿಸಿ ಅನ್ನವನ್ನು ನೇರ ಪೊಟ್ಟಣ ಕಟ್ಟಿದರೆ ಹಬೆ ಒಳಗೇ ನೀರಾಗಿ ಎರಡು ಮೂರು ಗಂಟೆಯಲ್ಲಿ ಹಳಸಲು ವಾಸನೆ ಬರುತ್ತದೆ. ಅದಕ್ಕೇ ಪೊಟ್ಟಣಕ್ಕಿಂತ ಮುಚ್ಚಳ ಬಿಗಿಯಾದ ಸ್ಟೀಲ್ ಡ್ರಮ್ಮಿನಲ್ಲಿ ಒಯ್ದು ಅಲ್ಲೇ ಬಿಸಿಬಿಸಿ ಬಡಿಸುವುದು ಮೇಲು. ಪೊಟ್ಟಣವೇ ಬೇಕೆಂದರೆ ಪುಳಿಯೋಗರೆ ಮಾಡಿ, ಹುಣಸೆಹುಳಿ ಇರುವುದರಿಂದ ತಾಳುತ್ತದೆ. ಹಸಿ ತೆಂಗಿನಕಾಯಿ ಬಿದ್ದ ಚಿತ್ರಾನ್ನ, ಕಾಯಿ ಚಟ್ನಿ ಬೇಡವೇ ಬೇಡ. ಬೆಳಿಗ್ಗೆ ಒಂಬತ್ತಕ್ಕೆ ಒಲೆ ಹಚ್ಚಿದರೆ ಮಧ್ಯಾಹ್ನ ಒಂದು ಗಂಟೆಯೊಳಗೆ ಬಡಿಸಿ ಮುಗಿಯಬೇಕು. ಊಟದ ಜೊತೆ ಕರಪತ್ರ ಹಂಚಬೇಡಿ. ಹಸಿದವರ ಕೈಗೆ ಅನ್ನ ಮಾತ್ರ ಹೋಗಲಿ.

ರಕ್ತದಾನ ಶಿಬಿರವನ್ನು ಮಾತ್ರ ಭಾನುವಾರವೇ ಇಡಬೇಕು, ಜನ ಸೇರುವುದು ಅಂದೇ. ಅಲ್ಲಿ ಪದೇ ಪದೇ ಆಗುವ ತಪ್ಪು ಒಂದಿದೆ. ಪೂಜೆಯಲ್ಲಿ ಕೊಡುವ ಪರಮಪ್ರಸಾದ ಸ್ವೀಕರಿಸುವ ಮುನ್ನ ಒಂದು ಗಂಟೆ ಏನೂ ತಿನ್ನಬಾರದು ಎನ್ನುವುದು ಕ್ಯಾಥೊಲಿಕರ ನಿಯಮ. ಬೆಳಗಿನ ಪೂಜೆಗೆ ಬಹುತೇಕರು ತಿಂಡಿಯನ್ನೇ ಬಿಟ್ಟು ಬರುತ್ತಾರೆ. ಪೂಜೆ ಬಿಟ್ಟವರು ನೇರ ಶಿಬಿರಕ್ಕೆ ಬಂದು ಮಲಗಿದರೆ ಎದ್ದಾಗ ತಲೆ ಸುತ್ತಿ ಬೀಳುತ್ತಾರೆ. ಆದ್ದರಿಂದ ಬಾಗಿಲಲ್ಲೇ ಉಪ್ಪಿಟ್ಟು, ಎರಡು ಲೋಟ ನೀರು, ಅರ್ಧ ಗಂಟೆ ವಿಶ್ರಾಂತಿ, ಆಮೇಲೆ ನೋಂದಣಿ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5, ಗಂಡಸರಿಗೆ ಮೂರು ತಿಂಗಳ ಅಂತರ, ಹೆಂಗಸರಿಗೆ ನಾಲ್ಕು. ಹಿಮೋಗ್ಲೋಬಿನ್ ಸಾಲದೆ ಹಿಂದಿರುಗುವ ಅಕ್ಕತಂಗಿಯರ ಹೆಸರು ಬರೆದುಕೊಂಡು ವಾರದಲ್ಲಿ ಡಾಕ್ಟರ ಬಳಿ ಕಳಿಸಿ. ಶಿಬಿರದ ದೊಡ್ಡ ಪ್ರಯೋಜನಗಳಲ್ಲಿ ಅದೂ ಒಂದು.

ಸಂಜೆ ಪಾಠ ಹೇಳುವವರಿಗೆ: ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಬಾಗಿಲು ತೆರೆದಿರಬೇಕು, ಮಕ್ಕಳ ಫೋಟೊ ವಾಟ್ಸ್‌ಆ್ಯಪ್‌ಗೆ ಹಾಕಬಾರದು. ಚರ್ಚಿನವರು ಪೊಲೀಸ್ ವೆರಿಫಿಕೇಷನ್ ಕೇಳಿದರೆ ಬೇಸರಪಡಬೇಡಿ, ಕೇಳುವ ಚರ್ಚೇ ಮಕ್ಕಳ ಬಗ್ಗೆ ಯೋಚಿಸಿರುವುದು. ಮಗುವಿಗೆ ಲೈಂಗಿಕ ಕಿರುಕುಳ ಆಗುತ್ತಿದೆ ಎಂದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ಫಾದರಿಗೆ ಹೇಳಿ ಸುಮ್ಮನಾಗುವಂತಿಲ್ಲ. ಮಕ್ಕಳ ಸಹಾಯವಾಣಿ 1098.

ಹಣ ಸಂಗ್ರಹಿಸುವಾಗ ನಿಮ್ಮ ಸ್ವಂತ ಯುಪಿಐ ನಂಬರ್ ಕೊಡಬೇಡಿ, ಚರ್ಚಿನ ಖಾತೆ ಕೊಡಿ, ರಸೀದಿ ಕೊಡಿಸಿ. ಅಮೆರಿಕದ ಪೌರತ್ವ ಪಡೆದ ನೆಂಟರು ಕಳಿಸುತ್ತೇನೆಂದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇರುವ ಸಂಸ್ಥೆಗೆ ಮಾತ್ರ.

ಎಲ್ಲದಕ್ಕೂ ಮೂರು ತಿಂಗಳು, ವಾರಕ್ಕೆ ಎರಡು ಗಂಟೆ ಎಂದು ಒಪ್ಪಿಕೊಂಡು ಶುರು ಮಾಡಿ. ಜಾಸ್ತಿ ಹೇಳಿದವರೇ ಎರಡನೇ ತಿಂಗಳು ಕಾಣೆಯಾಗುವುದು. ಊರು ಬಿಡುವುದಾದರೆ ಅಥವಾ ಕೆಲಸದ ವೇಳೆ ಬದಲಾದರೆ ಎರಡು ವಾರ ಮೊದಲೇ ತಿಳಿಸಿ. ನಿಮ್ಮ ಬದಲಿಗೆ ಬರುವವರನ್ನು ನೀವೇ ಒಮ್ಮೆ ಅಜ್ಜಿಯ ಮನೆಗೆ ಕರೆದುಕೊಂಡು ಹೋಗಿ, ಮಾತ್ರೆ ಕವರ್ ಎಲ್ಲಿದೆ ಎಂದು ತೋರಿಸಿ. ಏಕೆಂದರೆ ಅಜ್ಜಿ ಮಂಗಳವಾರ ಬೆಳಿಗ್ಗೆಯೇ ಸೀರೆ ಬದಲಿಸಿ, ಚೀಟಿಗಳ ಚೀಲ ಹಿಡಿದು ಬಾಗಿಲಲ್ಲಿ ಕೂತಿರುತ್ತಾರೆ.