'ಪ್ರಾಫೆಟ್ಸ್ ಸಾಂಗ್'ನ ಆ ನಡುವಿನ ಭಾಗ ಬಿಟ್ಟು ಮುಂದೆ ಹೋಗಬೇಡಿ

ಬ್ರಿಟಿಷ್ ರಾಕ್ ತಂಡ ಕ್ವೀನ್‌ನ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಸಾಕು, ಮಾತು ಎಲ್ಲಿಂದ ಶುರುವಾದರೂ ಕೊನೆಗೆ 'ಎ ನೈಟ್ ಅಟ್ ದಿ ಆಪೆರಾ' ಆಲ್ಬಮ್‌ಗೆ ಬಂದೇ ಬರುತ್ತದೆ. ಬಂದ ಮೇಲೆ 'ಬೊಹೀಮಿಯನ್ ರಾಪ್ಸಡಿ' ಬಗ್ಗೆ ಯಾರದ್ದೂ ತಕರಾರಿಲ್ಲ. ಅದು ಲೋಕಕ್ಕೇ ಗೊತ್ತಿರುವ ಹಾಡು. ಜಗಳ ಇರುವುದು ಅದೇ ಆಲ್ಬಮ್‌ನ ಎರಡನೇ ಬದಿ ಶುರುವಾಗುವ ಹಾಡಿನ ಮೇಲೆ, 'ದಿ ಪ್ರಾಫೆಟ್ಸ್ ಸಾಂಗ್' ಮೇಲೆ. ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಬರೆದದ್ದು, 8 ನಿಮಿಷ 21 ಸೆಕೆಂಡು. ಒಂದು ಗುಂಪು ಇದೇ ಆಲ್ಬಮ್‌ನ ನಿಜವಾದ ದೊಡ್ಡ ಹಾಡು ಅನ್ನುತ್ತದೆ. ಇನ್ನೊಂದು ಗುಂಪು, ಶುರು ಚೆನ್ನಾಗಿದೆ, ಗಿಟಾರ್ ಚೆನ್ನಾಗಿದೆ, ಆದರೆ ಮಧ್ಯದಲ್ಲಿ ವಾದ್ಯಗಳೆಲ್ಲ ನಿಂತು ಬರೀ ಗಂಟಲು ಉಳಿಯುತ್ತಲ್ಲ, ಅದು ಎಳೆದಾಟ, ಅದನ್ನು ದಾಟಿಸಿಬಿಡಿ ಅನ್ನುತ್ತದೆ.

ನನ್ನ ಗೆಳೆಯರಲ್ಲೂ ಈ ಎರಡೂ ಪಕ್ಷದವರು ಇದ್ದಾರೆ. ನಾನು ಮೊದಲನೇ ಪಕ್ಷ. ಆದರೆ ನಮ್ಮ ಪಕ್ಷದವರು ವಾದ ಮಾಡುವ ರೀತಿ ನನಗೆ ಸರಿ ಕಾಣುವುದಿಲ್ಲ. "1975ರಲ್ಲೇ ಇಂಥದ್ದು ಮಾಡಿದ್ದಾರೆ ನೋಡಿ, ಕಂಪ್ಯೂಟರ್ ಇಲ್ಲದ ಕಾಲ" ಅಂತ ಶುರು ಮಾಡುತ್ತಾರೆ. ಕಷ್ಟಪಟ್ಟು ಮಾಡಿದ್ದು ಅನ್ನುವ ಕಾರಣಕ್ಕೆ ಯಾವ ಹಾಡೂ ಒಳ್ಳೆಯದಾಗುವುದಿಲ್ಲ, ಅಲ್ವಾ? ಆ ಭಾಗ ಹಾಡಿಗೆ ಬೇಕೋ ಬೇಡವೋ ಅನ್ನುವುದು ಪ್ರಶ್ನೆ. ಬೇಕು ಅನ್ನುವುದಕ್ಕೆ ನನ್ನ ಹತ್ತಿರ ಕಾರಣ ಇದೆ. ಅದಕ್ಕೆ ಹಾಡು ಹುಟ್ಟಿದ ಕಡೆಯಿಂದ ಬರಬೇಕು.

1974ರಲ್ಲಿ ಬ್ರಯಾನ್ ಮೇಗೆ ಹುಷಾರಿರಲಿಲ್ಲ. ಅಮೆರಿಕ ಪ್ರವಾಸದ ನಡುವೆ ಹೆಪಟೈಟಿಸ್ ಬಂತು, ಚೇತರಿಸಿಕೊಳ್ಳುವಷ್ಟರಲ್ಲಿ ಕರುಳಿನ ಹುಣ್ಣು. 'ಶೀರ್ ಹಾರ್ಟ್ ಅಟ್ಯಾಕ್' ಆಲ್ಬಮ್‌ನ ಕೆಲಸ ನಡೆಯುತ್ತಿದ್ದ ಆ ಕಾಲದಲ್ಲಿ ಕಾಯಿಲೆ ಮಲಗಿದ್ದಾಗ ಅವರಿಗೊಂದು ಕನಸು ಬಿತ್ತು. ಜಲಪ್ರಳಯದಂಥ ಏನೋ ಬಂದಿದೆ, ಜನ ಏನು ತಪ್ಪು ಮಾಡಿದ್ದಾರೆ ಅನ್ನುವುದು ತಿಳಿಯುತ್ತಿಲ್ಲ, ಆದರೆ ವಿಷಯ ಕೈ ಮೀರಿ ಹೋಗಿದೆ, ಎಲ್ಲ ಮೊದಲಿಂದ ಶುರುವಾಗಬೇಕು. ಬೀದಿಯಲ್ಲಿ ಜನ ಒಬ್ಬರ ಕೈ ಒಬ್ಬರು ಮುಟ್ಟಲು ಒದ್ದಾಡುತ್ತಿದ್ದಾರೆ, ನಮಗೆ ನಿಮ್ಮ ಬಗ್ಗೆ ಕಾಳಜಿ ಇದೆ ಅಂತ ಹೇಗಾದರೂ ತೋರಿಸಬೇಕು ಅಂತ. ಮೇ ಅವರೇ ಮುಂದೆ ಹೇಳಿಕೊಂಡ ಮಾತಿದು. ಆ ಕೈಗಳ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ.

ಹಾಡು ಶುರುವಾಗುವುದು ಗಾಳಿಯ ಸದ್ದಿನಿಂದ. ಅದರ ಜೊತೆ ಒಂದು ಸಣ್ಣ, ಟಿಣ್ ಟಿಣ್ ಅನ್ನುವ ತಂತಿ ವಾದ್ಯ. ಅದು ಆಟಿಕೆ ಕೋಟೊ. ಕೋಟೊ ಅಂದರೆ ಜಪಾನಿನ ಉದ್ದನೆಯ ತಂತಿ ವಾದ್ಯ, ಇದು ಅದರ ಪುಟ್ಟ ಆಟಿಕೆ ರೂಪ. 1975ರಲ್ಲಿ ಕ್ವೀನ್ ಜಪಾನಿಗೆ ಹೋದಾಗ ಉಡುಗೊರೆಯಾಗಿ ಸಿಕ್ಕಿದ್ದು. ಆ ಸದ್ದು ಕೇಳಿದಾಗ ಇದು ಯಾವ ಊರಿನ, ಯಾವ ಕಾಲದ ಕಥೆ ಅಂತ ಹೇಳಲು ಬರುವುದಿಲ್ಲ. ಆಮೇಲೆ ಗಿಟಾರ್ ಬರುತ್ತದೆ, ಎಲ್ಲಕ್ಕಿಂತ ಕೆಳಗಿನ ಸ್ವರದ ತಂತಿಯನ್ನು ಇನ್ನೂ ಇಳಿಸಿ 'ಡಿ'ಗೆ ಶ್ರುತಿ ಮಾಡಿದ್ದು. ಕ್ವೀನ್ ಹಾಡುಗಳಲ್ಲಿ ಈ ಶ್ರುತಿ ಅಪರೂಪ. ಅದಕ್ಕೇ ಈ ಹಾಡಿಗೆ ಬೇರೆ ಹಾಡುಗಳಿಗಿಲ್ಲದ ಒಂದು ಭಾರ ಇದೆ, ನೆಲದೊಳಗಿಂದ ಬಂದಂಥದ್ದು. ಜಾನ್ ಡೀಕನ್ ಬೇಸ್ ಅದರ ಕೆಳಗೆ ಸುಮ್ನೆ ನಡೆದುಕೊಂಡು ಹೋಗುತ್ತದೆ, ಎಲ್ಲೂ ಜಾಸ್ತಿ ಮಾತಾಡುವುದಿಲ್ಲ.

ಕಥೆ ಇಷ್ಟೇ. ಬೆಳದಿಂಗಳಲ್ಲಿ ಒಬ್ಬ ಪ್ರವಾದಿ ನಿಂತು ಭೂಮಿಯ ಜನರನ್ನು ಎಚ್ಚರಿಸುತ್ತಾನೆ, ಮುಂದೆ ಬರಲಿರುವುದನ್ನು ಹೇಳುತ್ತಾನೆ. ಕೇಳುವವರಿಗೆ ಅವನು ಜ್ಞಾನಿಯೋ ಹುಚ್ಚನೋ ಗೊತ್ತಾಗುವುದಿಲ್ಲ. ಸಾಹಿತ್ಯ ಭಾರವಾಯಿತು ಅಂತ ವಿರೋಧ ಪಕ್ಷದವರು ಹೇಳುತ್ತಾರೆ, ಅದನ್ನು ನಾನು ಒಪ್ಪುತ್ತೇನೆ. ಕೆಲವು ಸಾಲುಗಳು ಪುರಾಣ ಓದುವ ದನಿಯಲ್ಲೇ ಇವೆ. ಆ ಕಾಲದ ಬ್ರಿಟಿಷ್ ರಾಕ್‌ನಲ್ಲಿ ಇದು ಎಲ್ಲ ಕಡೆ ಇತ್ತು. ಮೇ ಅದೇ ಆಲ್ಬಮ್‌ಗೆ ''39' ಅಂತ ಇನ್ನೊಂದು ಹಾಡು ಬರೆದರು, ಅದರಲ್ಲಿ ಮಾತುಗಳು ಎಷ್ಟು ಹಗುರ, ಎಷ್ಟು ಸಲೀಸು.

ಈಗ ಆ ಮಧ್ಯದ ಭಾಗಕ್ಕೆ ಬರೋಣ. ಮೂರು ನಿಮಿಷ ದಾಟಿದ ಮೇಲೆ ಡ್ರಮ್ಸ್, ಬೇಸ್, ಗಿಟಾರ್ ಎಲ್ಲ ನಿಲ್ಲುತ್ತವೆ. ಗಾಯಕ ಫ್ರೆಡ್ಡಿ ಮರ್ಕ್ಯುರಿ ಒಬ್ಬರೇ ಉಳಿಯುತ್ತಾರೆ. ಜನರೇ, ನಾನು ಹೇಳಿದ್ದು ಕೇಳಿಸುತ್ತಿದೆಯಾ ಅಂತ ಕೇಳುತ್ತಾರೆ. ಆ ಸಾಲು ಮುಗಿಯುವ ಮೊದಲೇ ಅದೇ ಸಾಲು ವಾಪಸ್ ಬರುತ್ತದೆ, ಒಂದು ಕಿವಿಗೆ. ಅದು ಮುಗಿಯುವ ಮೊದಲು ಮತ್ತೆ, ಇನ್ನೊಂದು ಕಿವಿಗೆ. ಇಷ್ಟರಲ್ಲಿ ಮೂಲ ದನಿ ಮುಂದಿನ ಸಾಲಿಗೆ ಹೋಗಿಯಾಗಿದೆ. ಹೀಗೆ ಒಂದರ ಬೆನ್ನಿಗೆ ಒಂದು ಬಿದ್ದು ಮೂರು ದನಿಗಳು ಒಟ್ಟಿಗೆ ನಿಂತು ಸ್ವರಮೇಳ ಆಗುತ್ತದೆ.

ಇದು ಆಗುವುದು ಟೇಪ್‌ನಿಂದ. ದನಿ ಒಂದು ಕಡೆ ಟೇಪ್ ಮೇಲೆ ದಾಖಲಾಗುತ್ತದೆ, ಆ ಟೇಪ್ ಓಡಿ ಸ್ವಲ್ಪ ದೂರದಲ್ಲಿರುವ ಇನ್ನೊಂದು ಹೆಡ್, ಅಂದರೆ ಟೇಪ್ ಓದುವ ಭಾಗ, ಮುಟ್ಟಿದಾಗ ವಾಪಸ್ ಕೇಳಿಸುತ್ತದೆ. ನಡುವಿನ ದೂರವೇ ತಡ. ಹಾಡುವವನಿಗೆ ಇಲ್ಲಿ ಪೇಚಾಟ ಇದೆ. ಈಗ ಹಾಡುವ ಸಾಲು ಈಗ ಮಾತ್ರ ಚೆನ್ನಾಗಿದ್ದರೆ ಸಾಲದು, ಮುಂದೆ ಹಾಡಲಿರುವ ಸಾಲಿನ ಜೊತೆಗೂ, ಅದರ ಮುಂದಿನದರ ಜೊತೆಗೂ ಹೊಂದಬೇಕು. ಬೇಗ ಮುಗಿಸಿದರೆ ಖಾಲಿ ಉಳಿಯುತ್ತದೆ, ತಡ ಮಾಡಿದರೆ ತನ್ನದೇ ದನಿಗೆ ತಾನೇ ಅಡ್ಡ ಬೀಳುತ್ತಾನೆ.

ಮೇ ಈ ತಂತ್ರವನ್ನು ಮೊದಲು ಬಳಸಿದ್ದು ಗಿಟಾರ್ ಮೇಲೆ. 'ಬ್ರೈಟನ್ ರಾಕ್' ಹಾಡನ್ನು ವೇದಿಕೆಯಲ್ಲಿ ನುಡಿಸುವಾಗ ಎಕೋಪ್ಲೆಕ್ಸ್ ಅನ್ನುವ ಟೇಪ್ ಪ್ರತಿಧ್ವನಿ ಯಂತ್ರಗಳ ತಡವನ್ನು ಉದ್ದ ಮಾಡಿಸಿಕೊಂಡು ತಮ್ಮ ಜೊತೆ ತಾವೇ ನುಡಿಸುತ್ತಿದ್ದರು. ಅದನ್ನೇ ಇಲ್ಲಿ ಫ್ರೆಡ್ಡಿ ಗಂಟಲಿಗೆ ಕೊಟ್ಟರು. ಹಾಗಾಗಿ ಇದು ಸುಮ್ನೆ ಕೊನೆ ಗಳಿಗೆಯಲ್ಲಿ ತುರುಕಿದ ಚಮತ್ಕಾರ ಅನ್ನುವ ಮಾತು ನಿಲ್ಲುವುದಿಲ್ಲ, ಆ ಮನುಷ್ಯ ಇದರ ಹಿಂದೆ ಮೊದಲಿಂದಲೂ ಬಿದ್ದಿದ್ದರು.

ನನ್ನ ವಾದ ಇಷ್ಟು. ಪ್ರವಾದಿ ಜನರನ್ನು ಕೇಳುತ್ತಾನೆ, ಕೇಳಿಸುತ್ತಿದೆಯಾ ಅಂತ. ಉತ್ತರವಾಗಿ ಬರುವುದು ಯಾರ ದನಿ? ಅವನದ್ದೇ. ಪಾಳು ಬಾವಿಯೊಳಗೆ ಬಗ್ಗಿ ಕೂಗಿದ ಹಾಗೆ. ಆಮೇಲೆ ಅವನು, ಈಗ ಗೊತ್ತಾಯಿತು, ನಿಮಗೆ ನನ್ನ ಮಾತು ಕೇಳಿಸುತ್ತಿದೆ ಅನ್ನುತ್ತಾನೆ. ಆ ಮಾತೂ ಎರಡು ಕಡೆಯಿಂದ ಅವನಿಗೇ ವಾಪಸ್ ಬರುತ್ತದೆ. ಜನ ಅಲ್ಲಿ ಇಲ್ಲವೇ ಇಲ್ಲ. ಗುಂಪು ಅಂತ ನಮಗೆ ಅನ್ನಿಸುವುದೆಲ್ಲ ಒಬ್ಬನೇ ಮನುಷ್ಯ. ಪ್ರವಾದಿಯ ಒಂಟಿತನವನ್ನು ಮಾತಿನಲ್ಲಿ ಹೇಳದೆ ಕಿವಿಗೆ ಕೇಳಿಸಿದ್ದಾರೆ. ಸಾಹಿತ್ಯ ಎಲ್ಲಿ ಭಾರವಾಗಿ ಕುಸಿಯುತ್ತದೋ ಅಲ್ಲಿ ಈ ಭಾಗ ಹಾಡನ್ನು ಎತ್ತಿ ಹಿಡಿಯುತ್ತದೆ. ಇದನ್ನು ತೆಗೆದರೆ ಉಳಿಯುವುದು ಒಂದು ಒಳ್ಳೆಯ ಗಿಟಾರ್ ಇರುವ ನೀತಿಕಥೆ, ಅಷ್ಟೇ.

'ಬೊಹೀಮಿಯನ್ ರಾಪ್ಸಡಿ'ಯ ಆಪೆರಾ ಭಾಗದ ಜೊತೆ ಇದನ್ನು ಹೋಲಿಸುವವರು ಜಾಸ್ತಿ. ಒಂದೇ ಆಲ್ಬಮ್, ಒಂದೇ ಬದಿ, ಎರಡರಲ್ಲೂ ಮಧ್ಯೆ ದನಿಗಳ ಆಟ. ಆದರೆ ಎರಡೂ ತದ್ವಿರುದ್ಧ. ಅಲ್ಲಿ ಫ್ರೆಡ್ಡಿ, ಮೇ, ಡ್ರಮ್ಮರ್ ರೋಜರ್ ಟೇಲರ್ ಮೂವರೂ ಹಾಡಿ, ಹಾಡಿದ್ದರ ಮೇಲೆ ಮತ್ತೆ ಹಾಡಿ, ಪದರ ಪದರವಾಗಿ ಒಂದು ದೊಡ್ಡ ಸಭೆಯನ್ನೇ ಕಟ್ಟಿದ್ದಾರೆ. ಅಲ್ಲಿ ಹುಡುಗನ ಪರ ಕೆಲವರು, ವಿರುದ್ಧ ಕೆಲವರು, ನಿಜವಾಗಿ ಜಗಳ ಆಡುತ್ತಾರೆ. ಇಲ್ಲಿ ಜಗಳ ಆಡಲು ಎದುರಿಗೆ ಯಾರೂ ಇಲ್ಲ. ಯಾವುದು ದೊಡ್ಡದು ಅಂತ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ, ಆದರೆ ಒಂದನ್ನು ಇನ್ನೊಂದರ ಕಚ್ಚಾ ಪ್ರತಿ ಅನ್ನುವವರ ಜೊತೆ ಮಾತ್ರ ಜಗಳಕ್ಕೆ ಬರುತ್ತೇನೆ.

ಇದು ಜನರಿಗೆ ತಲುಪದೆ ಉಳಿಯಲು ಕಾರಣ ಸುಲಭ. ಸಿಂಗಲ್ ಆಗಿ, ಅಂದರೆ ಆಲ್ಬಮ್‌ನಿಂದ ಬೇರೆಯಾಗಿ ಬಿಡಿ ಹಾಡಾಗಿ, ಬರಲಿಲ್ಲ. 5 ನಿಮಿಷ 55 ಸೆಕೆಂಡಿನ ರಾಪ್ಸಡಿಯೇ ರೇಡಿಯೋಗೆ ಉದ್ದ ಆಯಿತು ಅಂತ ಆಗ ಗಲಾಟೆ ಆಗಿತ್ತು. ಅದು ಬ್ರಿಟನ್‌ನಲ್ಲಿ 9 ವಾರ ಮೊದಲ ಸ್ಥಾನದಲ್ಲಿ ಕೂತ ಮೇಲೆ ಪಕ್ಕದ ಈ ಹಾಡನ್ನು ತಿರುಗಿ ನೋಡುವವರು ಯಾರು?

ವಿರೋಧ ಪಕ್ಷದ ಇನ್ನೊಂದು ಮಾತು, ಇದು ಸ್ಟುಡಿಯೋ ಕರಾಮತ್ತು, ವೇದಿಕೆ ಮೇಲೆ ಆಗದ್ದು ಅಂತ. ಇದು ತಪ್ಪು. ರಾಪ್ಸಡಿಯ ಆಪೆರಾ ಭಾಗವನ್ನೇ ಅವರು ವೇದಿಕೆಯಲ್ಲಿ ಹಾಡುತ್ತಿರಲಿಲ್ಲ, ಟೇಪ್ ಹಾಕಿ ಒಳಗೆ ಹೋಗುತ್ತಿದ್ದರು. ಆದರೆ ಪ್ರಾಫೆಟ್‌ನ ಈ ದನಿಯ ಭಾಗವನ್ನು ಫ್ರೆಡ್ಡಿ ಜನರ ಎದುರು ನಿಂತು ತಡದ ಯಂತ್ರ ಇಟ್ಟುಕೊಂಡು ಹಾಡಿದರು. 1977ರ ಪ್ರವಾಸದಲ್ಲಿ 'ವೈಟ್ ಮ್ಯಾನ್' ಹಾಡಿನೊಳಗೆ ಇದನ್ನು ಸೇರಿಸಿಕೊಂಡಿದ್ದರು. ಅದೂ ಮೇ ಬರೆದದ್ದೇ, ಅದೂ ಇಳಿಸಿದ ಶ್ರುತಿಯದ್ದೇ. ಆ ಧ್ವನಿಮುದ್ರಿಕೆಗಳು ಸ್ಟುಡಿಯೋದಷ್ಟು ಅಚ್ಚುಕಟ್ಟಾಗಿಲ್ಲ. ಆದರೂ ಒಬ್ಬನೇ ಮನುಷ್ಯ ಸಭಾಂಗಣ ತುಂಬಿಸುವುದು ಅಂದರೆ ಏನು ಅಂತ ಅವುಗಳಲ್ಲಿ ಗೊತ್ತಾಗುತ್ತದೆ.

ಹಾಡಿನಲ್ಲಿ, ಪ್ರೀತಿಯೇ ಉತ್ತರ, ನನ್ನ ಕೈ ಹಿಡಿಯಿರಿ ಅನ್ನುವ ಸಾಲು ಇದೆ. ಕನಸಿನ ಕೈಗಳು ಇವೇ. ದನಿಗಳ ಭಾಗ ಮುಗಿದ ಮೇಲೆ ಗಿಟಾರ್ ವಾಪಸ್ ನುಗ್ಗುತ್ತದೆ, ವಾದ್ಯಗಳ ಆ ನಿಶ್ಶಬ್ದದ ನಂತರ ನುಗ್ಗುವುದರಿಂದಲೇ ಅದಕ್ಕೆ ಅಷ್ಟು ಬಲ. ದಾಟಿಸಿ ಕೇಳಿದವರಿಗೆ ಇದು ಸಿಗುವುದೇ ಇಲ್ಲ, ಆಮೇಲೆ ಗಿಟಾರ್ ಚೆನ್ನಾಗಿದೆ ಅನ್ನುತ್ತಾರೆ, ಅರ್ಧ ಮಾತ್ರ ಕೇಳಿರುತ್ತಾರೆ. ಕೊನೆಯಲ್ಲಿ ಆ ಹುಚ್ಚನನ್ನು ನೋಡಿ ನಗಲು ನನಗೆ ಧೈರ್ಯ ಇಲ್ಲ ಅನ್ನುವ ಮಾತು ಬರುತ್ತದೆ. ಭವಿಷ್ಯ ನಿಜವೋ ಸುಳ್ಳೋ ಹಾಡು ತೀರ್ಮಾನಿಸುವುದಿಲ್ಲ, ಅದು ನನಗೆ ತುಂಬಾ ಇಷ್ಟ.

ಆಮೇಲೆ ಗಾಳಿ, ಕೋಟೊ ಮತ್ತೆ ಬಂದು ನಡುವೆ ಕಡಿತವೇ ಇಲ್ಲದೆ 'ಲವ್ ಆಫ್ ಮೈ ಲೈಫ್'ನ ಪಿಯಾನೋಗೆ ಸೇರಿಕೊಳ್ಳುತ್ತದೆ. ಶಫಲ್ ಹಾಕಿ ಕೇಳಿದರೆ ಈ ಜೋಡಣೆ ಕತ್ತರಿಸಿ ಹೋಗುತ್ತದೆ. ಹಾಗಾಗಿ ನನ್ನ ಒಂದೇ ಕೋರಿಕೆ: ಶಫಲ್ ಆಫ್ ಮಾಡಿ, ಹೆಡ್‌ಫೋನ್ ಹಾಕಿ, ಎಡ ಬಲ ಸರಿಯಾಗಿದೆಯಾ ನೋಡಿಕೊಂಡು, ಎರಡೂ ಹಾಡನ್ನು ಒಟ್ಟಿಗೆ ಕೇಳಿ. ಅಷ್ಟಾದ ಮೇಲೂ ಮಧ್ಯದ ಭಾಗ ಎಳೆದಾಟ ಅನ್ನಿಸಿದರೆ ಬಂದು ಹೇಳಿ, ವಾದ ಮುಂದುವರಿಸೋಣ.